ಸಾಲಪತ್ರವೂ ಹಾಡಿನ ಕಟ್ಟೂ: ವರ್ತಕ ತುಕಾರಾಮರ ಚರಿತ್ರೆಯನ್ನು ಓದುವ ಬಗೆ

1

ಮಧ್ಯಕಾಲೀನ ಭಕ್ತಿಕವಿಗಳ ಚರಿತ್ರೆಗಳಲ್ಲಿ ಕಸುಬುಗಳಿಗೆಲ್ಲ ಒಂದೇ ಬಗೆಯ ಮರ್ಯಾದೆ ದೊರೆತಿಲ್ಲ. ಕಬೀರರು ಮಗ್ಗದ ಮುಂದೆ ಕುಳಿತೇ ಹಾಡಿದರು. ಗೋರಾ ಕುಂಬಾರರ ಕಥೆ ಮಣ್ಣು ತುಳಿಯುವ ಜಾಗದಲ್ಲಿಯೇ ನಡೆಯುತ್ತದೆ. ನಮ್ಮ ವಚನಕಾರರಲ್ಲಂತೂ ಕಾಯಕವನ್ನು ಬಿಟ್ಟವನಿಗಿಂತ ಹಿಡಿದವನಿಗೇ ಮನ್ನಣೆ ಹೆಚ್ಚು. ವರ್ತಕನ ವಿಷಯದಲ್ಲಿ ಮಾತ್ರ ಚರಿತ್ರಕಾರರು ಬಹುಮಟ್ಟಿಗೆ ಬೇರೊಂದು ನಿಯಮವನ್ನು ಪಾಲಿಸಿದ್ದಾರೆ. ಅವನು ಹಾಡಬೇಕಾದರೆ ಮೊದಲು ಅಂಗಡಿಯನ್ನು ಮುಚ್ಚಬೇಕು. ತಕ್ಕಡಿ ಹಿಡಿದ ಕೈಗೆ ತಾಳ ಒಗ್ಗುವುದಿಲ್ಲವೆಂಬುದು ಈ ಚರಿತ್ರೆಗಳ ಹಿಂದಿರುವ ಗೃಹೀತ.

ಕನ್ನಡದಲ್ಲಿ ಪುರಂದರದಾಸರ ಚರಿತ್ರೆಯೂ ಮರಾಠಿಯಲ್ಲಿ ತುಕಾರಾಮರ ಚರಿತ್ರೆಯೂ ಈ ನಿಯಮಕ್ಕೆ ಪ್ರಸಿದ್ಧ ನಿದರ್ಶನಗಳು. ಇಬ್ಬರೂ ವಿಠ್ಠಲನ ಭಕ್ತರು, ಇಬ್ಬರೂ ವರ್ತಕರ ಮನೆಯವರು, ಇಬ್ಬರೂ ಶಾಸ್ತ್ರದ ಭಾಷೆಯನ್ನು ಬದಿಗಿರಿಸಿ ಜನದ ಆಡುನುಡಿಯಲ್ಲಿ ಹಾಡು ಕಟ್ಟಿದವರು. ಈ ಹೋಲಿಕೆ ಎಷ್ಟು ಸುಲಭವಾಗಿ ಕಣ್ಣಿಗೆ ಬೀಳುತ್ತದೆಯೆಂದರೆ, ಅದನ್ನು ಹೇಳಿದ ಕೂಡಲೇ ನಮ್ಮ ತೌಲನಿಕ ವಿಮರ್ಶೆ ತನ್ನ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಪ್ರಸ್ತುತ ಲೇಖನದಲ್ಲಿ ನಾವು ತುಕಾರಾಮರ ಬಾಳನ್ನು ಮುಖ್ಯವಾಗಿಟ್ಟುಕೊಂಡು, ಪುರಂದರದಾಸರನ್ನು ಎದುರಿಗಿಟ್ಟು ನೋಡುತ್ತ, ಈ ಹೋಲಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಪರಿಶೀಲಿಸಲು ಬಯಸುತ್ತೇವೆ. ಕವಿಯ ವ್ಯಾಪಾರ ಅವನ ಕಾವ್ಯಕ್ಕೆ ಅಡ್ಡಿಯಾಗಿತ್ತೇ, ಅಥವಾ ಆ ಕಾವ್ಯದ ನುಡಿಯನ್ನು ಒದಗಿಸಿದ್ದೇ ಅದಾಗಿತ್ತೇ ಎಂಬುದು ನಮ್ಮ ಮುಖ್ಯ ಪ್ರಶ್ನೆ.

2

ತುಕಾರಾಮರ ಜನನವನ್ನು ಸಾಮಾನ್ಯವಾಗಿ 1608 ಎಂದು ಒಪ್ಪಲಾಗಿದೆ. ಬೇರೆ ವರ್ಷಗಳನ್ನು ಸೂಚಿಸಿದ ವಿದ್ವಾಂಸರೂ ಇದ್ದಾರೆ. ಅವರ ಊರು ಪುಣೆಯ ಸಮೀಪ ಇಂದ್ರಾಯಣಿಯ ದಡದಲ್ಲಿರುವ ದೇಹೂ. ತಂದೆ ಬೋಲ್ಹೋಬಾ, ತಾಯಿ ಕನಕಾಯಿ. ಅಣ್ಣ ಸಾವಜಿ, ತಮ್ಮ ಕಾನ್ಹೋಬಾ. ಮನೆತನ ಜಾತಿಯಿಂದ ಕುಣಬಿ, ಕಸುಬಿನಿಂದ ವಾಣಿ. ಊರಿನ ಪೇಟೆಯ ಮಹಾಜನಕಿಯ ಹಕ್ಕು ಈ ಮನೆತನಕ್ಕಿತ್ತು. ಮನೆಯಲ್ಲಿ ವಿಠ್ಠಲನ ಪೂಜೆಯೂ ಪಂಢರಪುರದ ವಾರಿಯೂ ಹಿರಿಯರಿಂದ ನಡೆದುಬಂದಿದ್ದವು. ತಾವು ಹುಟ್ಟಿನಿಂದ ಶೂದ್ರರೆಂದೂ ನಡೆಸಿದ್ದು ವೈಶ್ಯರ ವ್ಯವಹಾರವೆಂದೂ ತುಕಾರಾಮರೇ ತಮ್ಮ ಆತ್ಮವೃತ್ತದ ಅಭಂಗಗಳಲ್ಲಿ ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ. ಭಕ್ತಿಪರಂಪರೆಯ ಕವಿಗಳಲ್ಲಿ ತಮ್ಮ ಲೌಕಿಕ ಜೀವನದ ಬಗ್ಗೆ ಇಷ್ಟು ನೇರವಾಗಿ ಮಾತನಾಡಿದವರು ವಿರಳ.

ತಂದೆತಾಯಿಗಳು ತೀರಿಕೊಂಡಾಗ ತುಕಾರಾಮರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಣ್ಣ ವಿರಕ್ತನಾಗಿ ಮನೆ ಬಿಟ್ಟುದರಿಂದ ಅಂಗಡಿಯ ಹೊಣೆ ಅವರ ಮೇಲೆ ಬಿತ್ತು. ಅದರ ಬೆನ್ನಿಗೇ 1630ರಿಂದ 1632ರವರೆಗಿನ ಭೀಕರ ಕ್ಷಾಮ ಬಂದಿತು. ದಖ್ಖನ್ ಮತ್ತು ಗುಜರಾತುಗಳನ್ನು ಹಾಳುಗೆಡವಿದ ಈ ಕ್ಷಾಮಕ್ಕೆ ಅಬ್ದುಲ್ ಹಮೀದ್ ಲಾಹೋರಿಯ ‘ಪಾದಶಾಹನಾಮಾ’ದಲ್ಲಿಯೂ, ಸೂರತ್ತಿನಿಂದ ಆಗ್ರಾಕ್ಕೆ ಪಯಣಿಸಿದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿಯ ಬರಹದಲ್ಲಿಯೂ ಸಾಕ್ಷ್ಯವಿದೆ. ತುಕಾರಾಮರ ಮೊದಲ ಹೆಂಡತಿ ರಖಮಾಬಾಯಿ ಅನ್ನವಿಲ್ಲದೆ ಸತ್ತರು. ಮಗ ಸಂತು ತೀರಿಕೊಂಡ. ದನಕರುಗಳು ಹೋದುವು, ಬಂಡವಾಳ ಮುಳುಗಿತು, ಸಾಲಗಾರರ ಎದುರು ಮಾನ ಹೋಯಿತು. ಈ ಅಪಮಾನದ ಬಳಿಕವೇ ಅವರು ಭಾಮನಾಥ, ಭಂಡಾರಾ ಬೆಟ್ಟಗಳಲ್ಲಿ ಏಕಾಂತವನ್ನು ಅರಸಿದ್ದು, ಪಾಳುಬಿದ್ದ ವಿಠ್ಠಲನ ಗುಡಿಯನ್ನು ಸರಿಪಡಿಸಿದ್ದು, ಹಿಂದಿನ ಸಂತರ ಹಾಡುಗಳನ್ನು ಬಾಯಿಪಾಠ ಮಾಡಿದ್ದು, ಕೊನೆಗೆ ತಾವೇ ಹಾಡತೊಡಗಿದ್ದು. ಅವರ ಬದುಕು 1649–50ರ ಸುಮಾರಿಗೆ ಮುಗಿಯಿತು.

ಈ ಕ್ರಮವನ್ನು ಗಮನಿಸಬೇಕು. ಮೊದಲು ದಿವಾಳಿ, ಅನಂತರ ವೈರಾಗ್ಯ. ಆದರೆ ಮುಂದೆ ಕಟ್ಟಿದ ಚರಿತ್ರೆಗಳಲ್ಲಿ ಈ ಕ್ರಮ ಮೆಲ್ಲನೆ ತಿರುವುಮುರುವಾಗುತ್ತದೆ. ತಾಹರಾಬಾದಿನ ಮಹೀಪತಿ (1715–1790) ‘ಭಕ್ತವಿಜಯ’ವನ್ನು 1762ರಲ್ಲಿಯೂ ‘ಭಕ್ತಲೀಲಾಮೃತ’ವನ್ನು 1774ರಲ್ಲಿಯೂ ರಚಿಸಿದ, ಅಂದರೆ ತುಕಾರಾಮರು ಕಣ್ಮರೆಯಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅವನ ನಿರೂಪಣೆಯಲ್ಲಿ ವ್ಯಾಪಾರ ಕೆಟ್ಟದ್ದು ಕ್ಷಾಮದಿಂದ ಎಂಬುದಕ್ಕಿಂತ, ತುಕಾರಾಮರ ದಯೆಯಿಂದ, ಗಿರಾಕಿಗಳ ಮೋಸದಿಂದ, ದೇವರ ಪರೀಕ್ಷೆಯಿಂದ ಎಂಬುದು ಮುಂದೆ ಬರುತ್ತದೆ. ಬರಗಾಲ ದೇವರ ಲೀಲೆಯ ಒಂದು ಪ್ರಸಂಗವಾಗಿ ಕುಗ್ಗುತ್ತದೆ. ಹಸಿವಿನಿಂದ ಸತ್ತ ಹೆಂಗಸಿನ ಸಾವು ಗಂಡನ ಜ್ಞಾನೋದಯಕ್ಕೆ ನಿಮಿತ್ತವಾಗಿ ಉಳಿಯುತ್ತದೆ.

3

ಪುರಂದರದಾಸರ (1484–1564 ಎಂಬುದು ಸಾಂಪ್ರದಾಯಿಕ ಕಾಲಗಣನೆ) ಚರಿತ್ರೆಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಶ್ರೀನಿವಾಸ ನಾಯಕನೆಂಬ ಚಿನಿವಾರ, ನವಕೋಟಿ ನಾರಾಯಣನೆಂಬ ಬಿರುದು, ಮಗನ ಉಪನಯನಕ್ಕೆ ಹಣ ಬೇಡಿ ಬಂದ ಬ್ರಾಹ್ಮಣ, ಹೆಂಡತಿಯ ಮೂಗುತಿ, ಬೀಗ ಹಾಕಿದ ಪೆಟ್ಟಿಗೆ ಇವೆಲ್ಲ ಕನ್ನಡಿಗರ ಬಾಯಲ್ಲಿರುವ ಸಂಗತಿಗಳು. ಇಲ್ಲಿ ಬರಗಾಲವಿಲ್ಲ, ದಿವಾಳಿಯಿಲ್ಲ. ತುಂಬಿದ ಭಂಡಾರವನ್ನು ಒಂದೇ ದಿನ ಸೂರೆ ಕೊಟ್ಟ ಕಥೆ ಇದು. ಹೆಂಡತಿಯ ದೆಸೆಯಿಂದಲೇ ತಾವು ಗೋಪಾಳದ ಬುಟ್ಟಿ ಹಿಡಿಯುವಂತಾಯಿತೆಂದು ಕೃತಜ್ಞತೆಯಿಂದ ನೆನೆಯುವ ಒಂದು ಪದವನ್ನು ಬಿಟ್ಟರೆ, ಕವಿಯ ಬಾಯಿಂದ ಬಂದ ಆತ್ಮವೃತ್ತ ಇಲ್ಲಿ ಅತ್ಯಲ್ಪ. ಚರಿತ್ರೆಯ ಚೌಕಟ್ಟನ್ನು ಬಹುಮಟ್ಟಿಗೆ ಒದಗಿಸಿದವರು ವಿಜಯದಾಸರು (1682–1755) ಮತ್ತು ಅವರ ಶಿಷ್ಯಪರಂಪರೆ. ಮರಾಠಿಯಲ್ಲಿ ಮಹೀಪತಿ ಮಾಡಿದ ಕೆಲಸವನ್ನು ಕನ್ನಡದಲ್ಲಿ ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಇವರು ಮಾಡಿದರು. ಹದಿನೆಂಟನೆಯ ಶತಮಾನದ ಭಕ್ತಸಮುದಾಯಗಳು ತಮ್ಮ ಹಿಂದಿನ ಕವಿಗಳಿಗೆ ಒಂದು ಕ್ರಮಬದ್ಧ ಬಾಳನ್ನು ಕಟ್ಟಿಕೊಡುತ್ತಿದ್ದುವೆಂಬುದು ಎರಡೂ ಕಡೆ ಕಾಣುವ ವಿದ್ಯಮಾನ.

ಆದುದರಿಂದ ಇಬ್ಬರನ್ನೂ ಸೇರಿಸಿ ‘ವ್ಯಾಪಾರ ತೊರೆದ ಸಂತರು’ ಎನ್ನುವುದು ವಿಮರ್ಶೆಯಾಗಲಾರದು. ಪುರಂದರದಾಸರ ಐತಿಹ್ಯದಲ್ಲಿರುವುದು ಉಳ್ಳವನ ತ್ಯಾಗ. ತುಕಾರಾಮರ ಅಭಂಗಗಳಲ್ಲಿರುವುದು ಕಳೆದುಕೊಂಡವನ ಸ್ವೀಕಾರ. ಮೊದಲನೆಯದರಲ್ಲಿ ಕವಿ ಸಂಪತ್ತಿಗಿಂತ ದೊಡ್ಡವನಾಗುತ್ತಾನೆ. ಎರಡನೆಯದರಲ್ಲಿ ನಷ್ಟವನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಹುಟ್ಟಿನ ಸ್ಥಾನವೂ ಬೇರೆ. ಪುರಂದರದಾಸರು ಬ್ರಾಹ್ಮಣರೆಂದೂ ವ್ಯಾಸರಾಯರ ಮೆಚ್ಚುಗೆ ಪಡೆದವರೆಂದೂ ಪರಂಪರೆ ಹೇಳುತ್ತದೆ. ತುಕಾರಾಮರಿಗಾದರೋ ವೇದಾರ್ಥವನ್ನು ದೇಶಭಾಷೆಯಲ್ಲಿ ಹೇಳುವ ಅಧಿಕಾರ ಶೂದ್ರನಿಗಿಲ್ಲವೆಂಬ ಆಕ್ಷೇಪ ಎದುರಾಯಿತು. ವಾಘೋಲಿಯ ರಾಮೇಶ್ವರ ಭಟ್ಟರು ಈ ಆಕ್ಷೇಪವನ್ನೆತ್ತಿದವರು. ಅವರೇ ಮುಂದೆ ಶಿಷ್ಯರಾದರು. ಹಾಡುಗಳ ಕಟ್ಟನ್ನು ಇಂದ್ರಾಯಣಿಯಲ್ಲಿ ಮುಳುಗಿಸಬೇಕಾಗಿ ಬಂದುದು, ಹದಿಮೂರು ದಿನಗಳ ಬಳಿಕ ಅದು ತೇಲಿಬಂದುದು ಈ ಸಂದರ್ಭದ ಪ್ರಸಿದ್ಧ ಐತಿಹ್ಯ.

ಈ ಐತಿಹ್ಯದ ಜೊತೆಯಲ್ಲಿ ಇನ್ನೊಂದನ್ನು ಇಟ್ಟು ಓದಬೇಕೆಂದು ನಮ್ಮ ಸೂಚನೆ. ಕ್ಷಾಮದ ಬಳಿಕ ತುಕಾರಾಮರು ಮನೆತನದ ಸಾಲಪತ್ರಗಳನ್ನು ತಮ್ಮನೊಡನೆ ಸಮನಾಗಿ ಹಂಚಿಕೊಂಡು, ತಮ್ಮ ಪಾಲಿನವನ್ನು ಅದೇ ಇಂದ್ರಾಯಣಿಗೆ ಎಸೆದರೆಂದು ಪರಂಪರೆ ಹೇಳುತ್ತದೆ. ಒಂದೇ ಹೊಳೆ, ಎರಡು ಸಲ ಕಾಗದ. ಮೊದಲ ಸಲ ಮುಳುಗಿದ್ದು ಇತರರು ತನಗೆ ಕೊಡಬೇಕಾದುದರ ಲೆಕ್ಕ, ಅದು ಮರಳಲಿಲ್ಲ. ಎರಡನೆಯ ಸಲ ಮುಳುಗಿದ್ದು ತಾನು ಇತರರಿಗೆ ಕೊಡಬೇಕಾದುದರ ಲೆಕ್ಕ; ಅದು ಮರಳಿತು. ಈ ಎರಡು ಘಟನೆಗಳು ನಡೆದುವೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಜನಸಮುದಾಯ ತನ್ನ ಕವಿಯ ಬಾಳನ್ನು ಹೇಗೆ ಅರ್ಥಮಾಡಿಕೊಂಡಿತು ಎಂಬುದಕ್ಕೆ ಇವೆರಡೂ ಸಾಕ್ಷಿ. ಬರಗಾಲದಲ್ಲಿ ಸಾಲ ಮಾಡಿದ ರೈತನ ಕಣ್ಣಿಗೆ ಮೊದಲನೆಯ ಪವಾಡವೇ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತಮ್ಮನ ಪಾಲನ್ನು ಮುಟ್ಟದೆ ತನ್ನದನ್ನು ಮಾತ್ರ ಎಸೆದನೆಂಬ ವಿವರದಲ್ಲಿ ವ್ಯಾಪಾರದ ಪ್ರಾಮಾಣಿಕತೆ ಕೊನೆಯವರೆಗೂ ಉಳಿದಿದೆಯೆಂಬುದನ್ನು ನಮ್ಮ ವಿಮರ್ಶೆ ಗಮನಿಸಿದಂತೆ ತೋರುವುದಿಲ್ಲ.

4

ಈಗ ನುಡಿಯ ಪ್ರಶ್ನೆಗೆ ಬರಬಹುದು. ತುಕಾರಾಮರ ಅಭಂಗಗಳಲ್ಲಿ ಅಳತೆ, ಬಂಡವಾಳ, ಸಾಲ, ಹೊಣೆಗಾರಿಕೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಭಂಡಾರದ ಸರಕು ಒಡೆಯನದು, ತಾನು ಹೊರೆ ಹೊರುವ ಹಮಾಲನೆಂದು ಅವರು ಹೇಳಿಕೊಳ್ಳುತ್ತಾರೆ. ತಮ್ಮ ಮನೆಯಲ್ಲಿರುವ ಸಂಪತ್ತು ಶಬ್ದಗಳದ್ದೆಂದು ಹೆಮ್ಮೆಪಡುತ್ತಾರೆ. ಪುರಂದರದಾಸರಲ್ಲಿಯೂ ಇಂಥ ಪದಗಳಿಗೆ ಕೊರತೆಯಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆಯಾಗಿಸಿ ಮಾರುವ ಅವರ ಪ್ರಸಿದ್ಧ ಪದದಲ್ಲಿ ಎತ್ತಿನ ಹೇರು, ಗೋಣಿ, ಬಾಡಿಗೆ, ಸುಂಕಗಳ ವಿವರಗಳು ಸಾಲಾಗಿ ಬರುತ್ತವೆ.

ಇದಕ್ಕೆ ಒಂದು ಆಕ್ಷೇಪವನ್ನು ಒಡ್ಡಬಹುದು. ವ್ಯಾಪಾರದ ರೂಪಕ ಭಕ್ತಿಕಾವ್ಯದ ಸಾಮಾನ್ಯ ಆಸ್ತಿ. ಅದನ್ನು ಬಳಸಲು ಕವಿ ವರ್ತಕನಾಗಬೇಕಾಗಿಲ್ಲ. ಕಬೀರರಲ್ಲಿಯೂ ಸಂತೆಯಿದೆ, ವಚನಗಳಲ್ಲಿಯೂ ತಕ್ಕಡಿಯಿದೆ. ಆದುದರಿಂದ ಹಾಡಿನ ರೂಪಕದಿಂದ ಕವಿಯ ಕಸುಬನ್ನು ಊಹಿಸುವುದು, ಊಹಿಸಿದ ಕಸುಬಿನಿಂದ ಮತ್ತೆ ಹಾಡನ್ನು ವಿವರಿಸುವುದು ಚಕ್ರಕ ದೋಷವಾಗುತ್ತದೆ. ಈ ಆಕ್ಷೇಪ ನ್ಯಾಯವಾದುದು. ಪುರಂದರದಾಸರ ಅಧ್ಯಯನದಲ್ಲಿ ಈ ದೋಷ ಹಲವೆಡೆ ಕಾಣುತ್ತದೆ.

ಆದರೆ ರೂಪಕದ ಇರವಿಗಿಂತ ಅದರ ನಡೆಯನ್ನು ನೋಡಿದರೆ ಆಕ್ಷೇಪದ ಬಲ ಕುಗ್ಗುತ್ತದೆ. ಕಲ್ಲುಸಕ್ಕರೆಯ ಪದದ ವ್ಯಾಪಾರ ಎಲ್ಲ ತೊಡಕುಗಳಿಂದ ಮುಕ್ತವಾದುದು: ಹೊರೆಯಿಲ್ಲ, ಸುಂಕವಿಲ್ಲ, ನಷ್ಟವಿಲ್ಲ. ದೂರದ ಪೇಟೆಗೆ ಸರಕು ಸಾಗಿಸುವವನ ಕನಸು ಇದು. ಸುಂಕದ ಕಟ್ಟೆಯನ್ನು ಬಲ್ಲವನ ಕೇಳುಗರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ತುಕಾರಾಮರ ವ್ಯಾಪಾರದಲ್ಲಾದರೋ ಯಾರೋ ಒಬ್ಬರು ಸದಾ ಬಾಕಿ ಉಳಿಸಿಕೊಂಡಿರುತ್ತಾರೆ. ಒಮ್ಮೆ ಭಕ್ತ, ಒಮ್ಮೆ ದೇವರು. ದೇವರನ್ನೇ ಸಾಲಗಾರನನ್ನಾಗಿ ನಿಲ್ಲಿಸಿ ತಗಾದೆ ಮಾಡುವ ಧಾಟಿ ಅವರದು. ಈ ತಗಾದೆಯಲ್ಲಿ ಸಿಟ್ಟು, ಬೇಸರ, ನಾಚಿಕೆ ಮೂರೂ ಬೆರೆತಿವೆ. ಸಾಲ ಕೊಟ್ಟೂ ಸಾಲ ತಂದೂ ಬಲ್ಲವನಿಗೆ ಮಾತ್ರ ಎಟುಕುವ ಧ್ವನಿ ಇದೆಂದು ನಾವು ಭಾವಿಸುತ್ತೇವೆ. ರೂಪಕ ಎಲ್ಲರದು, ಅದರೊಳಗಿನ ಅಳುಕು ಒಬ್ಬನದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ‘ಪ್ರಾದೇಶಿಕ ನುಡಿಯಲ್ಲಿ ಹಾಡಿದರು’ ಎಂದು ಹೇಳುವಾಗ ನಾವು ಸಾಮಾನ್ಯವಾಗಿ ಕವಿಯ ಮನೆಯ ಅಥವಾ ಊರಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ವರ್ತಕನ ಮಾತು ಅಷ್ಟಕ್ಕೆ ಸೀಮಿತವಾಗಿರಲಾರದು. ಅವನು ರೈತನೊಡನೆ, ಎತ್ತಿನ ಹೇರಿನವನೊಡನೆ, ಸುಂಕದವನೊಡನೆ, ಕುಲಕರ್ಣಿಯೊಡನೆ, ಸಾವಕಾರನೊಡನೆ ದಿನವೂ ಮಾತನಾಡಬೇಕು, ಪ್ರತಿಯೊಬ್ಬರಿಗೂ ತಿಳಿಯಬೇಕು, ತಪ್ಪಾಗಿ ತಿಳಿದರೆ ನಷ್ಟ. ಪೇಟೆಯ ನುಡಿ ಹೀಗೆ ಹಲವು ನುಡಿಗಳು ಕೂಡುವ ಜಾಗ. ಬಂಡವಾಳ, ಹಮಾಲ, ಹುಂಡಿ, ಸಾವಕಾರ, ಪೇಟೆ, ವಸೂಲಿ ಮೊದಲಾದ ಮಾತುಗಳು ಇಂದಿಗೂ ಕನ್ನಡ ಮರಾಠಿಗಳೆರಡರಲ್ಲಿಯೂ ಅಲ್ಪಸ್ವಲ್ಪ ಉಚ್ಚಾರಭೇದದಿಂದ ಬಳಕೆಯಲ್ಲಿವೆ. ಇವುಗಳಲ್ಲಿ ದೇಶ್ಯವೂ ಸಂಸ್ಕೃತಮೂಲದವೂ ಅರಬ್ಬಿ, ಪಾರಸಿಗಳಿಂದ ಬಂದವೂ ಬೆರೆತಿವೆ. ಪಂಢರಪುರದ ಹಾದಿಯಲ್ಲಿ ಕೂಡುತ್ತಿದ್ದ ಯಾತ್ರಿಕರಿಗೂ ಇಂಥದೇ ಒಂದು ಕೂಡುನುಡಿ ಬೇಕಾಗಿತ್ತು. ವಿಠ್ಠಲನನ್ನು ಕಾನಡನೆಂದು ಕರೆದ ಜ್ಞಾನೇಶ್ವರರ ಅಭಂಗದಿಂದ ಹಿಡಿದು, ರಾ. ಚಿಂ. ಢೇರೆಯವರ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ (1984) ಗ್ರಂಥದವರೆಗೆ ಈ ಕ್ಷೇತ್ರದ ಕನ್ನಡ ಸಂಬಂಧ ಚರ್ಚಿತವಾಗುತ್ತಲೇ ಇದೆ. ಆ ಚರ್ಚೆ ಬಹುಪಾಲು ದೇವರ ಮೂಲದ ಬಗ್ಗೆ ನಡೆದಿದೆ. ಭಕ್ತರ ನುಡಿಯ ಮೂಲದ ಬಗ್ಗೆಯೂ ಅದನ್ನು ವಿಸ್ತರಿಸಬೇಕಾಗಿದೆ. ತುಕಾರಾಮರ ಹಾಡು ಅವರು ಬದುಕಿದ್ದಾಗಲೇ ಕೊಲ್ಲಾಪುರವನ್ನು ಮುಟ್ಟಿತ್ತೆಂಬುದಕ್ಕೆ ಬಹಿಣಾಬಾಯಿಯ (1628–1700) ಆತ್ಮನಿವೇದನೆ ಸಾಕ್ಷಿ. ಅಲ್ಲಿ ಜಯರಾಮ ಗೋಸಾವಿಯವರ ಕೀರ್ತನೆಯಲ್ಲಿ ಆ ಅಭಂಗಗಳನ್ನು ಕೇಳಿಯೇ ಆಕೆ ದೇಹೂವಿನ ಕಡೆ ಹೊರಟದ್ದು. ಪುಟ್ಟ ಊರಿನ ಅಂಗಡಿಕಾರನೊಬ್ಬನ ನುಡಿ ಅಷ್ಟು ಬೇಗ ಅಷ್ಟು ದೂರ ಹೋದುದು, ಅದು ಮೊದಲೇ ಪೇಟೆಯಲ್ಲಿ ಸವೆದು ನಯವಾದ ನುಡಿಯಾಗಿತ್ತೆಂಬುದರಿಂದ ಎಂದು ನಾವು ತಿಳಿಯುತ್ತೇವೆ.

5

ವರ್ತಕನ ಚರಿತ್ರೆಯನ್ನು ಓದುವಾಗ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕಾಗುತ್ತದೆ. ಹಾಡಿಗೆ ತಗುಲಿದ ವೆಚ್ಚವನ್ನು ಯಾರು ಭರಿಸಿದರು? ಐತಿಹ್ಯಗಳಲ್ಲಿ ಪುರಂದರದಾಸರ ಹೆಂಡತಿ ಸಾಧ್ವಿ, ತುಕಾರಾಮರ ಎರಡನೆಯ ಹೆಂಡತಿ ಜಿಜಾಯಿ ಬಾಯಿಬಡುಕಿ. ಮೊದಲನೆಯವಳು ಮೂಗುತಿಯನ್ನು ಕೊಟ್ಟಳು, ಗಂಡನ ಹಿಂದೆ ನಡೆದಳು. ಎರಡನೆಯವಳು ಮಕ್ಕಳಿಗೆ ಅನ್ನವೆಲ್ಲಿ ಎಂದು ಕೇಳಿದಳು. ಸರ್ವಸ್ವ ನಷ್ಟಕ್ಕೆ ಒಪ್ಪಿದ ಹೆಣ್ಣಿಗೆ ಹೊಗಳಿಕೆ, ಒಪ್ಪದ ಹೆಣ್ಣಿಗೆ ಬೈಗುಳ ಎಂಬ ಒಂದೇ ಅಳತೆಗೋಲಿನಿಂದ ಚರಿತ್ರಕಾರರು ಇಬ್ಬರನ್ನೂ ಅಳೆದಿದ್ದಾರೆ. ಆದರೆ ಮಹೀಪತಿಯ ಕಥೆಯನ್ನೇ ಎಚ್ಚರದಿಂದ ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಗಂಡನಿಗೆ ಮತ್ತೆ ವ್ಯಾಪಾರ ಹೂಡಿಕೊಡಲೆಂದು ಸಾಲ ತಂದವಳು ಜಿಜಾಯಿ. ತುಕಾರಾಮರ ಹೆಸರಿಗೆ ಪೇಟೆಯಲ್ಲಿ ಸಾಲ ಹುಟ್ಟದೆ ಇದ್ದಾಗ ಮನೆಯ ನಂಬಿಕೆ ಉಳಿದದ್ದು ಆಕೆಯ ಮಾತಿನ ಮೇಲೆ. ಅಂದರೆ ಆ ಮನೆಯಲ್ಲಿ ವ್ಯಾಪಾರ ನಿಂತುಹೋಗಲಿಲ್ಲ, ಕೈ ಬದಲಾಯಿಸಿತು. ಹಸಿವಿನಿಂದ ಸವತಿಯೊಬ್ಬಳು ಸತ್ತ ಮನೆಯಲ್ಲಿ ನಿಂತು ಅನ್ನದ ಮಾತೆತ್ತಿದವಳ ದನಿಯನ್ನು ಜಗಳಗಂಟಿತನವೆಂದು ಕರೆಯುವುದು ವಿಮರ್ಶೆಗೆ ಶೋಭಿಸದು.

ಮಕ್ಕಳ ಕಾಲಕ್ಕೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. ತುಕಾರಾಮರ ಮಗ ನಾರಾಯಣಬುವಾ 1685ರಲ್ಲಿ ಪಾಲಖಿಯ ಪದ್ಧತಿಯನ್ನು ಆರಂಭಿಸಿದರು. ಮರಾಠ ಅರಸರಿಂದ ಈ ಮನೆತನಕ್ಕೆ ಇನಾಮು ದೊರೆಯಿತು. ಅತ್ತ, ವ್ಯಾಸರಾಯರಿಗೆ ಸಂಬಂಧಿಸಿದ 1526ರ ಕಮಲಾಪುರ ತಾಮ್ರಶಾಸನದಲ್ಲಿ ಭೂಮಿಯ ಪಾಲು ಪಡೆದವರ ನಡುವೆ ಪುರಂದರದಾಸರ ಮಕ್ಕಳ ಹೆಸರುಗಳಿವೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ತಂದೆಯರು ಬಿಟ್ಟುಕೊಟ್ಟದ್ದು ಮಕ್ಕಳಿಗೆ ಭೂಮಿಯ ರೂಪದಲ್ಲಿ ಮರಳಿತು. ಇದನ್ನು ಕವಿಗಳ ಮೇಲಿನ ಟೀಕೆಯೆಂದು ತಿಳಿಯಬೇಕಾಗಿಲ್ಲ. ಹಾಡು ಉಳಿಯಬೇಕಾದರೆ ಅದನ್ನು ಕಾಯುವ ಮನೆತನ, ಗುಡಿ, ಭೂಮಿ ಬೇಕಾಗುತ್ತವೆ; ಕಾಯುವವರು ಬಂದ ಕೂಡಲೇ ಹಾಡಿನ ಪಾಠವೂ ಅವರ ವಶವಾಗುತ್ತದೆ.

6

ಪಾಠದ ಈ ವಿಚಾರವೇ ನಮ್ಮ ಓದುಗರಿಗೆ ಹೆಚ್ಚು ಸಂಬಂಧಿಸಿದ್ದು. ಮುಂಬಯಿ ಸರಕಾರದ ನೆರವಿನಿಂದ ವಿಷ್ಣು ಪರಶುರಾಮ ಶಾಸ್ತ್ರಿ ಪಂಡಿತ ಮತ್ತು ಶಂಕರ ಪಾಂಡುರಂಗ ಪಂಡಿತರು 1869ರಿಂದ ಪ್ರಕಟಿಸಿದ ‘ಗಾಥಾ’ ದೇಹೂ, ತಳೇಗಾಂವ, ಕಡೂಸ, ಪಂಢರಪುರಗಳ ಹಸ್ತಪ್ರತಿಗಳನ್ನು ಆಧರಿಸಿತ್ತು. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅಭಂಗಗಳು ಅದರಲ್ಲಿವೆ. ತಳೇಗಾಂವದ ಪ್ರತಿ ಗಾಣಿಗ ಸಂತಾಜಿ ಜಗನಾಡೆಯವರ ಪರಂಪರೆಯದು. ಒಬ್ಬ ವರ್ತಕನ ಹಾಡನ್ನು ಎಣ್ಣೆ ಮಾರುವವನೊಬ್ಬ ಬರೆದಿಟ್ಟುಕೊಂಡನೆಂಬುದು, ಆ ಹಾಡಿನ ಮೊದಲ ಕೇಳುಗರು ಯಾರೆಂಬುದನ್ನು ತೋರಿಸುತ್ತದೆ. ಕನ್ನಡದಲ್ಲಿ ಹೆರ್ಮನ್ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಮುದ್ರಿಸಿದರೂ, ಪುರಂದರದಾಸರ ಪದಗಳಿಗೆ ಪ್ರತಿಗಳ ಊರನ್ನೂ ಬರೆದವರ ಕಸುಬನ್ನೂ ಹೀಗೆ ಗುರುತಿಸಿ ಹೋಲಿಸುವ ಕೆಲಸ ಸಾಲದಾಗಿದೆ. ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂಬ ಐತಿಹ್ಯದ ಸಂಖ್ಯೆಯ ಎದುರು ಇಂದು ದೊರೆಯುವ ಪದಗಳು ಸುಮಾರು ಒಂದು ಸಾವಿರ. ಅವುಗಳನ್ನು ಶತಮಾನಗಳ ಕಾಲ ಉಳಿಸಿದವರಲ್ಲಿ ಕನ್ನಡ ಮನೆಮಾತಲ್ಲದ ತಮಿಳು, ತೆಲುಗು ಗಾಯಕರ ಪಾಲು ದೊಡ್ಡದು. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದಲ್ಲಿ ಪುರಂದರದಾಸರನ್ನು ಸ್ಮರಿಸಿದ್ದಾರೆ.

ಹೀಗಿರುವಾಗ ಪದಗಳ ಇಂದಿನ ನುಡಿಯನ್ನು ಹಿಡಿದು ಕವಿಯ ಜನ್ಮಸ್ಥಳವನ್ನು ನಿರ್ಣಯಿಸುವುದು ಕಷ್ಟ. ಪುಣೆಯ ಬಳಿಯ ಪುರಂದರಗಡವೆಂಬ ಹಳೆಯ ವಾದ ಒಂದು ಕಡೆ. ತೀರ್ಥಹಳ್ಳಿಯ ಆರಗದ ಸೀಮೆಯೆಂಬ, ಈಚಿನ ವರ್ಷಗಳಲ್ಲಿ ಬಲಗೊಂಡ ವಾದ ಇನ್ನೊಂದು ಕಡೆ. ಇವುಗಳನ್ನು ಶಾಸನ ಮತ್ತು ಉತ್ಖನನಗಳ ಆಧಾರದಿಂದ ಚರ್ಚಿಸಬೇಕೇ ಹೊರತು, ಗಾಯಕರ ಬಾಯಲ್ಲಿ ಬದಲಾದ ಕ್ರಿಯಾಪದಗಳಿಂದಲ್ಲ. ಹಾಡಿನೊಳಗೆ ಕಟ್ಟಿದವನ ಊರಿನಷ್ಟೇ ಹಾಡಿದವರ ಊರೂ ಸೇರಿರುತ್ತದೆ. ಗದಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು (1922–2011) ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಒಂದೇ ಕಂಠದಿಂದ ಹಾಡಿದಾಗ, ಕೇಳುಗರು ಎರಡನ್ನೂ ತಮ್ಮದೆಂದೇ ಸ್ವೀಕರಿಸಿದರು.

ಜಮಖಂಡಿಯಲ್ಲಿ ಹುಟ್ಟಿದ ರಾ. ದ. ರಾನಡೆಯವರು (1886–1957) ಮಹಾರಾಷ್ಟ್ರದ ಸಂತರ ಬಗ್ಗೆಯೂ ಕನ್ನಡ ಸಾಹಿತ್ಯದ ಪರಮಾರ್ಥಪಥದ ಬಗ್ಗೆಯೂ ಬರೆದು ಈ ಎರಡು ಪರಂಪರೆಗಳನ್ನು ಒಟ್ಟಿಗೆ ನೋಡುವ ದಾರಿ ತೆರೆದರು. ಅವರ ಆಸಕ್ತಿ ಅನುಭಾವದ ಸೋಪಾನಗಳಲ್ಲಿತ್ತು. ಅಂಗಡಿ ಅಲ್ಲಿ ಮೊದಲ ಮೆಟ್ಟಿಲಿನ ಕೆಳಗೇ ಉಳಿಯಿತು. ಆ ಮೆಟ್ಟಿಲಿನ ಕೆಳಗಿರುವುದನ್ನು ಎತ್ತಿಕೊಂಡು ನೋಡುವ ಕೆಲಸ ಈಗ ನಡೆಯಬೇಕು. ಕನ್ನಡವನ್ನೂ ಮರಾಠಿಯನ್ನೂ ಬಲ್ಲ, ಮೋಡಿ ಲಿಪಿಯ ದಫ್ತರುಗಳು ಕೈಗೆಟುಕುವ ನೆಲೆಯಲ್ಲಿರುವ ಹೊರನಾಡಿನ ಸಂಶೋಧಕರಿಗೆ ಇದು ಹೆಚ್ಚು ಸಾಧ್ಯ. ಹದಿನಾರು ಹದಿನೇಳನೆಯ ಶತಮಾನಗಳ ಸುಂಕ, ಸಾಲ, ಅಳತೆಗಳ ಪದಕೋಶವೊಂದನ್ನು ಶಾಸನ ಮತ್ತು ದಫ್ತರುಗಳಿಂದ ಸಿದ್ಧಪಡಿಸಿ, ಅದನ್ನು ದಾಸರ ಪದಗಳ ಮತ್ತು ಅಭಂಗಗಳ ಹಸ್ತಪ್ರತಿಗಳೊಡನೆ ಇಟ್ಟು ನೋಡಬೇಕು. ಯಾವ ಮಾತು ಕವಿಯ ಕಾಲದ ಪೇಟೆಯದು, ಯಾವುದು ಅನಂತರದ ಗಾಯಕನದು ಎಂಬುದು ಆಗ ತಕ್ಕಮಟ್ಟಿಗೆ ತಿಳಿದೀತು. ಅಲ್ಲಿಯವರೆಗೆ, ವ್ಯಾಪಾರವನ್ನು ತೊರೆದು ಕವಿಯಾದರೆಂಬ ಮಾತನ್ನು ನಮ್ಮ ಪಠ್ಯಪುಸ್ತಕಗಳು ತಡೆಹಿಡಿಯುವುದು ಲೇಸು. ತುಕಾರಾಮರು ಹೊಳೆಗೆಸೆದದ್ದು ಸಾಲದ ಪತ್ರಗಳನ್ನು. ಲೆಕ್ಕದ ನುಡಿಯನ್ನು ಅವರು ಎಸೆಯಲಿಲ್ಲ.